ಸೊಸೆಯ ಪಾಲಿಗೆ ಬಂದ ಲಂಘನ

ನನ್ನ ತಮ್ಮ ಷಣ್ಮುಖಪ್ಪನಿಗೆ ಆಯುರ್ವೇದ ತಲೆಗೇರಿದ್ದು ಎಂಬತ್ತೊಂದನೇ ಇಸವಿಯ ಶ್ರಾವಣದಲ್ಲಿ. ಯಾವುದೋ ಉಪನ್ಯಾಸ ಕೇಳಿ ಬಂದವನು, ಚನ್ನಗಿರಿಯ ತನ್ನ ಅಡಿಕೆ ಮಂಡಿಯಲ್ಲಿ ಕೂತು ಬಂದವರಿಗೆಲ್ಲ ಪಾಠ ಶುರು ಹಚ್ಚಿಕೊಂಡ.

"ಮಳೆಗಾಲದಾಗೆ ಹೊಟ್ಟೆ ಒಳಗಿನ ಬೆಂಕಿ ಮಂದ ಆಗ್ತೈತ್ರಿ. ಅದಕ್ಕೇ ಹಿರೇರು ಶ್ರಾವಣದಾಗೆ ಉಪಾಸ ಇಟ್ಟಾರೆ. ಇದು ಬರೀ ಭಕ್ತಿ ಅಲ್ಲ, ವಿಜ್ಞಾನ!"

ಕೇಳಿದವರು ತಲೆಯಾಡಿಸುತ್ತಿದ್ದರು. ಅಡಿಕೆ ಮಾರಲು ಬಂದವರು ಬೇರೇನು ಮಾಡಿಯಾರು?

ಅವನ ಉಪವಾಸದ ಚಂದ ನೋಡಬೇಕಿದ್ದರೆ ಅಡುಗೆಮನೆಗೆ ಬರಬೇಕಿತ್ತು. ಅವನ ಹೆಂಡತಿ ತೀರಿಕೊಂಡ ಮೇಲೆ ಒಲೆಯ ಮುಂದೆ ಇದ್ದವಳು ನಾನು. ಸೋಮವಾರ ಅನ್ನ, ರೊಟ್ಟಿ ಮುಟ್ಟುವಂತಿಲ್ಲ, ಸರಿ. ಬೆಳಿಗ್ಗೆ ತುಪ್ಪ ಸುರಿದ ಸಜ್ಜಿಗೆ, ಆಮೇಲೆ ಒಗ್ಗರಣೆ ಅವಲಕ್ಕಿ, ಮಧ್ಯಾಹ್ನ ಸಬ್ಬಕ್ಕಿ ವಡೆ, ಮೇಲೆ ಬಾಳೆಹಣ್ಣು, ಗಟ್ಟಿ ಹಾಲು. ಇದಕ್ಕೆಲ್ಲ ಫಲಾಹಾರ ಎಂದು ಹೆಸರು. ಇಷ್ಟು ತಿಂದು ತೇಗಿ, "ಉಪಾಸ ಮಾಡಿದ್ರೆ ಮೈ ಎಷ್ಟು ಹಗುರ ಆಗ್ತೈತೆ ನೋಡಕ್ಕ" ಎನ್ನುತ್ತಿದ್ದ, ನಾಚಿಕೆಗೆಟ್ಟವನು.

ನಿಜವಾಗಿ ಹಸಿದಿರುತ್ತಿದ್ದವಳು ಸೊಸೆ ಪ್ರೇಮಮ್ಮ. ಬಾಣಂತನ ಮುಗಿಸಿ ತವರಿನಿಂದ ಆಗಷ್ಟೇ ಬಂದಿದ್ದಳು, ಮೊಲೆ ಕುಡಿಯುವ ಕೂಸು. "ಮನೆ ಹೆಣ್ಮಗಳು ಕಟ್ಟುನಿಟ್ಟಾಗಿರಬೇಕು" ಎಂದು ಮಾವ ಹೇಳಿದ್ದೇ ಸಾಕು, ಆ ಪೆದ್ದಿ ಶ್ರಾವಣವಿಡೀ ಒಪ್ಪತ್ತು ಊಟ ಹಿಡಿದಳು. ಸೋಮವಾರ ಅದೂ ಇಲ್ಲ. ಎದೆಹಾಲು ಬತ್ತುತ್ತಾ ಬಂತು. ಕೂಸು ಚೀಪಿ ಚೀಪಿ ಅಳುತ್ತಿತ್ತು. ಗಂಡ ಎನಿಸಿಕೊಂಡವನು ಅಪ್ಪನ ಎದುರು ಬಾಯಿ ಬಿಡುವ ಪೈಕಿ ಅಲ್ಲ. ನಾನು ಹೇಳಿದರೆ ಷಣ್ಮುಖಪ್ಪ, "ನಿಂಗೇನು ಗೊತ್ತಕ್ಕ ಶಾಸ್ತ್ರ?" ಎಂದು ಇನ್ನೊಂದು ವಡೆ ಮುರಿದ.

ಕೊನೆಯ ಸೋಮವಾರ ಅವನ ಹೊಟ್ಟೆ ಉಬ್ಬಿ ನಗಾರಿಯಾಯಿತು. ಹೊರಳಾಡಿ, ತ್ಯಾವಣಿಗೆಯಿಂದ ಬೆನಕಪ್ಪ ಪಂಡಿತರನ್ನು ಕರೆಸಿದ. ಪಂಡಿತರು ನಾಡಿ ಹಿಡಿದು, "ಏನು ತಿಂದ್ರಿ?" ಎಂದರು.

"ಉಪಾಸ ಇದೀನ್ರಿ," ಎಂದ ಇವನು.

ನಾನು ಬಿಡುತ್ತೇನೆಯೇ? ಸಜ್ಜಿಗೆಯಿಂದ ಹಿಡಿದು ಹಾಲಿನ ತನಕ ಒಪ್ಪಿಸಿದೆ.

ಪಂಡಿತರು ನಗಲಿಲ್ಲ. "ಈ ಕಾಲದಾಗೆ ಇಷ್ಟೆಲ್ಲ ಹೆಂಗೆ ಅರಗೀತು? ಇವತ್ತು, ನಾಳೆ ಲಂಘನ ಮಾಡ್ರಿ. ಶುಂಠಿ ನೀರು ಬಿಟ್ಟು ಹೊಟ್ಟೆಗೆ ಏನೂ ಹೋಗಬಾರದು."

ಷಣ್ಮುಖಪ್ಪನ ಮುಖ ಇಳಿಯಿತು. ಸ್ವಲ್ಪ ಯೋಚಿಸಿ ಹೇಳಿದ: "ಸೊಸಿ ಹೆಂಗೂ ಉಪಾಸ ಇದಾಳೆ. ಅವಳೇ ನಾಳೆಗೂ ಮುಂದುವರಿಸ್ತಾಳೆ ಬಿಡ್ರಿ. ಮನೆಗೊಬ್ರು ಮಾಡಿದ್ರೆ ಸಾಕಲ್ಲ?"

ತಮಾಷೆಗಲ್ಲ. ವ್ರತ, ಹರಕೆಯನ್ನೆಲ್ಲ ಹೆಂಗಸರ ತಲೆಗೆ ಕಟ್ಟಿ ಪುಣ್ಯ ಮಾತ್ರ ತಾನು ಪಡೆದು ಅಭ್ಯಾಸವಾದವನು, ಔಷಧವೂ ಹಾಗೇ ನಡೆಯುತ್ತದೆ ಎಂದು ನಂಬಿದ್ದ.

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಪಂಡಿತರ ದನಿ ಏರಿತು. "ಹಾಲೂಡೋ ತಾಯಿಗೆ ಉಪಾಸವಾ? ಯಾವ ಶಾಸ್ತ್ರದಾಗೈತ್ರಿ ಇದು?"

ಶಾಸ್ತ್ರ ಬಲ್ಲವನು ಗೋಡೆ ಕಡೆ ತಿರುಗಿ ಮಲಗಿದ.

ನಾನು ಪ್ರೇಮಮ್ಮನ ಕೈಹಿಡಿದು ತಂದು ಅವನ ಮಂಚದ ಎದುರೇ ಕೂರಿಸಿದೆ. ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ, ತುಪ್ಪ ಬಡಿಸಿದೆ.

"ಮಾವಾರು ಇಲ್ಲೇ ಇದಾರಲ್ಲ ದೊಡ್ಡತ್ತೆ," ಎಂದು ಅಳುಕಿದಳು.

"ಇರ್ಲಿ. ಅವನ ಪಾಲಿಂದೂ ನೀನೇ ಉಣ್ಣು. ಮನೆಗೊಬ್ರು ಉಂಡ್ರೆ ಸಾಕಲ್ಲ?"

ಅವಳು ಮೊದಲ ತುತ್ತು ಬಾಯಿಗಿಟ್ಟಳು. ಗೋಡೆ ಕಡೆಯಿಂದ ಸಣ್ಣ ದನಿ ಬಂತು: "ಅಕ್ಕಾ, ರೊಟ್ಟಿ ಉಳಿದಾವೇನು?"

ಉಳಿದಿದ್ದವು. ಇಲ್ಲ ಎಂದೆ.