ತಮ್ಮನ ಹೆಸರು

ಸಾವಿನ ಒಂಬತ್ತನೆಯ ದಿನದ ಪ್ರಾರ್ಥನೆಗೆ ಸಾನ್ ಪೆದ್ರೊ ಊರಿನ ಆ ಓಣಿಯವರೆಲ್ಲ ಬಂದು ಕೂತಿದ್ದರು. ಮುಂದಿನ ಕುರ್ಚಿ ತೋರಿಬಿಯೊನದು. ಅಮೆರಿಕದಲ್ಲಿ ಹನ್ನೊಂದು ವರ್ಷ ಬೇಸ್‌ಬಾಲ್ ಎಸೆದು, ಭುಜ ಕೈಕೊಟ್ಟ ಮೇಲೆ ಮರಳಿದ ದೊಡ್ಡ ಆಟಗಾರ. ಊರ ಮೈದಾನಕ್ಕೂ ಅವನದೇ ಹೆಸರು. ಸತ್ತವನು ಅವನ ಅಣ್ಣ ಅನ್ಸೆಲ್ಮೊ, ಸಕ್ಕರೆ ಕಾರ್ಖಾನೆಯ ಕೂಲಿ ಎಂದು ಎಲ್ಲರೂ ತಿಳಿದಿದ್ದರು.

ತಿಳಿದದ್ದು ತಲೆಕೆಳಗು. ಕುರ್ಚಿಯಲ್ಲಿ ಕೂತವನೇ ಅನ್ಸೆಲ್ಮೊ, ಅವನೇ ಅಣ್ಣ. ಇಪ್ಪತ್ತರವನು ಎಷ್ಟೇ ಜೋರಾಗಿ ಎಸೆಯಲಿ, ಅಮೆರಿಕದವರಿಗೆ ಬಲಿತ ಬೆಂಡೆಕಾಯಿ; ಹದಿನಾರರವನೇ ಬೇಕು. ಹಾಗಾಗಿ ಹುಡುಗರನ್ನು ಆಟಕ್ಕೆ ಕಳಿಸುವ ದಳ್ಳಾಳಿ ಹೇಳಿಕೊಟ್ಟಂತೆ ಹದಿನಾರರ ತಮ್ಮನ ಹೆಸರು, ಹುಟ್ಟಿದ ದಿನದ ಕಾಗದದ ಸಮೇತ, ಅಣ್ಣನಿಗೆ ಬಂತು, ಅಣ್ಣನದು ತಮ್ಮನಿಗೆ ಹೋಯಿತು. ಸಂಸಾರ ಆಗಷ್ಟೇ ಕಬ್ಬಿನ ಕೇರಿ ಬಿಟ್ಟು ಬಂದದ್ದರಿಂದ ಓಣಿಗೆ ಸುಳಿವು ಹತ್ತಲಿಲ್ಲ. ಅಂಥ ಮನೆ ಆ ಊರಲ್ಲಿ ಇದೊಂದೇ ಎಂದು ಆಣೆ ಹಾಕುವವರೂ ಇಲ್ಲ, ಬಿಡಿ.

ತಮ್ಮ ಎಂದೂ ಮುಖ ಗಂಟಿಕ್ಕಲಿಲ್ಲ. ರೇಡಿಯೊದಲ್ಲಿ ತನ್ನ ಹೆಸರು ಬಂದಾಗೆಲ್ಲ ನಗುತ್ತಿದ್ದ.

"ಕೇಳ್ದೇನವ್ವಾ? ನಾನಿಲ್ಲಿ ಮೂಟೆ ಹೊರ್ತೀನಿ, ನನ್ನ ಹೆಸರು ಮಾತ್ರ ಅಮೆರಿಕದಲ್ಲಿ ಚೆಂಡು ಎಸೀತೈತೆ."

ಕೊನೆಯ ಜ್ವರದಲ್ಲಿ ಒಂದೇ ಒಂದು ಮಾತು ಕೇಳಿದ್ದ. "ಅಣ್ಣಾ, ನೀನು ಆಟ ಬಿಟ್ಟಾಯ್ತಲ್ಲ. ಈಗಾದ್ರೂ ನನ್ನ ಹೆಸರು ನಂಗೆ ಕೊಟ್ಬಿಡು."

ಅಣ್ಣ ಆಗಲೆಂದು ತಲೆಯಾಡಿಸಿದ್ದ. ಆದರೆ ನಿಜ ಹೇಳಿದರೆ ಮೈದಾನದ ಫಲಕ ಇಳಿಯುತ್ತದೆ, ಪಿಂಚಣಿಗೂ ಕುತ್ತು, ಮೇಲೆ ಮೋಸಗಾರನೆಂಬ ಪಟ್ಟ. ನಾಳೆ ನಾಳೆ ಎಂದು ತಳ್ಳುತ್ತ ಬಂದ. ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಇವತ್ತಿನದೇ ಕೊನೆಯದು. ಬೇರೆಯವನ ಹೆಸರಲ್ಲಿ ಬೇಡಿಕೊಂಡರೆ ದೇವರು ನನ್ನ ಕೂಸನ್ನು ಹೇಗೆ ಗುರುತು ಹಿಡಿದಾನು ಎಂದು ಅವ್ವ ಫೆಲೀಪಾ ಬೆಳಗಿನಿಂದ ಅವನ ಬೆನ್ನು ಬಿದ್ದಿದ್ದಳು.

ಪ್ರಾರ್ಥನೆ ಹೇಳಿಸುವ ಮುದುಕಿ ಕಾಂದಿದಾ ಜಪಮಾಲೆ ಎತ್ತಿಕೊಂಡು ಅನ್ಸೆಲ್ಮೊನ ಆತ್ಮಕ್ಕೆ ಎಂದು ಶುರು ಮಾಡಿದಳು. ಅಣ್ಣ ಎದ್ದು ನಿಂತ, ನಿಜ ಹೇಳಲು ಬಾಯಿಯನ್ನೂ ತೆರೆದ. ಓಣಿಯ ಮಂದಿ ಹೆಮ್ಮೆಯಿಂದ ಅವನತ್ತ ನೋಡಿದರು. ಆ ಹೆಮ್ಮೆಗೇ ಅವನ ನಾಲಿಗೆ ಕಟ್ಟಿತು.

ಅವ್ವ ತಡೆಯಲಾರದೆ ಎದೆ ಬಡಿದುಕೊಂಡಳು. "ತೋರಿಬಿಯೊ... ನನ್ನ ಕಂದಾ, ತೋರಿಬಿಯೊ..."

ಉಳಿದ ಮಗನನ್ನು ಕರೆಯುತ್ತಿದ್ದಾಳೆ ಪಾಪ ಎಂದು ಹೆಂಗಸರು ಅವನನ್ನು ಮುಂದಕ್ಕೆ ತಳ್ಳಿದರು. ಅವನು ಅವಳ ಮುಂದೆ ಮೊಣಕಾಲೂರಿದ.

"ಇಲ್ಲೇ ಇದ್ದೀನವ್ವಾ."

ಅವಳು ಅವನ ಮುಖವನ್ನೇ ನೋಡಿದಳು. "ನಾನು ಕರೆದದ್ದು ನಿನ್ನನ್ನಲ್ಲ."

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಹೆಂಗಸರು ಅವಳನ್ನು ಒಳಗೆ ಕರೆದೊಯ್ದರು. ಕಾಂದಿದಾ ಮತ್ತೆ ಮೊದಲಿನಿಂದ ಹೇಳಿಸಿದಳು. ಅನ್ಸೆಲ್ಮೊನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಓಣಿಯೆಲ್ಲ ಹೇಳಿತು. ಅನ್ಸೆಲ್ಮೊನೂ ಅವರ ಜೊತೆ ಹೇಳಿದ.