ಒಂದು ‘ಥೂ’ಗೆ ಸಿಕ್ಕ ಮೆಚ್ಚುಗೆ

ನನ್ನ ತಂಗಿಯ ಹೊಸ ಹಾಡನ್ನು ವಿಮರ್ಶಕರೆಲ್ಲ ಹೊಗಳಿ ಅಟ್ಟಕ್ಕೇರಿಸಿದ ದಿನ, ಪತ್ರಿಕೆ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದುಕೊಂಡೆ. “ಈ ‘ಥೂ’ ಒಂದು ತಲೆಮಾರಿನ ಪ್ರತಿಭಟನೆ” ಅಂತ ಒಬ್ಬ ಬರೆದಿದ್ದ. “ಯಂತ್ರದೊಳಗಿಂದ ಹೊಮ್ಮಿದ ದಾರ್ಶನಿಕ ಉದ್ಗಾರ” ಅಂತ ಇನ್ನೊಬ್ಬ. ಮಣ್ಣಂಗಟ್ಟಿ!

ಆ ‘ಥೂ’ ಹುಟ್ಟಿದಾಗ ಸ್ಟುಡಿಯೋದಲ್ಲಿ ನಾನಿದ್ದೆ. ಹಾಡು ಅಮ್ಮನ ಮೇಲಿನದು. ಹೊಲಿಗೆ ಕಾರ್ಖಾನೆಯಿಂದ ಬಂದು, ತಲೆಗೆ ಅಂಟಿದ ನೂಲಿನ ಚೂರು ಬಿಡಿಸಿಕೊಳ್ಳುತ್ತಲೇ ನಮ್ಮನ್ನು ತಟ್ಟಿ ಮಲಗಿಸುತ್ತಿದ್ದ ಅಮ್ಮ. ಚರಣದ ಕೊನೆಗೆ ತಂಗಿಯ ಸ್ವರ ಜಾರಿತು. “ಥೂ!” ಎಂದು ತನ್ನನ್ನೇ ಬೈದುಕೊಂಡಳು. ರೆಕಾರ್ಡಿಂಗ್ ನಡೆದೇ ಇತ್ತು. ಧ್ವನಿ ಜೋಡಿಸುವವನಿಗೆ, ಸದಾ ಗುಂಡಿ ಒತ್ತುವುದೇ ಕೆಲಸವಾದ್ದರಿಂದ, ಗುಂಡಿ ಎಂದೇ ಹೆಸರು. ಅವನು ಆ ‘ಥೂ’ವನ್ನು ಎಲೆಕ್ಟ್ರಾನಿಕ್ ತಾಳಕ್ಕೆ ಪೋಣಿಸಿ, ಅಮ್ಮನ ಚರಣಕ್ಕೆ ಕತ್ತರಿ ಹಾಕಿದ.

“ಅಸಹ್ಯವಾಗಿದೆ ಕಣೋ, ತೆಗಿ,” ಎಂದೆ ನಾನು.

“ಇದೇ ಓಡೋದು ಮೇಡಂ.”

ಅವನ ಹಲ್ಲು ಉದುರಿಸಬೇಕಿತ್ತು. ಹಾಡು ಓಡಿತು.

“ನನ್ನ ಮೇಲಿನ ಹಾಡಂತೆ, ಯಾವಾಗ ಕೇಳಿಸ್ತೀಯೇ?” ಎಂದು ಅಮ್ಮ ತಂಗಿಯ ಬೆನ್ನು ಬಿದ್ದಳು. ತಂಗಿ ನುಣುಚಿಕೊಂಡು ನುಣುಚಿಕೊಂಡು ಕೊನೆಗೆ ನನಗೆ ಹೇಳಿದಳು: “ಸ್ಟೇಜ್ ಮೇಲೆ ಯಂತ್ರ ನಿಲ್ಲಿಸಿ, ಗುಂಡಿ ಕತ್ತರಿಸಿದ ಆ ಚರಣ ಹಾಡ್ತೀನಿ ಅಕ್ಕ. ಅಮ್ಮನ್ನ ಕರ್ಕೊಂಡು ಬಾ. ಅವಳೊಬ್ಬಳು ಕೇಳಿದ್ರೆ ಸಾಕು.”

ಮೊದಲ ಸಾಲಿನಲ್ಲಿ ಕೂತೆವು. ನನ್ನ ಪಕ್ಕಕ್ಕೇ ವಕ್ಕರಿಸಿದ್ದ, ಆ ‘ದಾರ್ಶನಿಕ ಉದ್ಗಾರ’ದ ಮಹಾಶಯ. ತಂಗಿ ಕೈ ಎತ್ತಿದಳು, ತಾಳ ನಿಂತಿತು. ಬರೀ ದನಿಯಲ್ಲಿ ಅಮ್ಮನ ಚರಣ ಎತ್ತಿಕೊಂಡಳು. ಒಂದು ಸಾಲು ಮುಗಿದಿರಲಿಲ್ಲ, ಹಿಂದಿನಿಂದ ಯಾರೋ “ಥೂ!” ಎಂದು ಕೂಗಿದರು. ಪ್ರೀತಿಯಿಂದಲೇ, ಅವರ ಪ್ರೀತಿಗೆ ಬೆಂಕಿ ಬೀಳ! ಆಮೇಲೆ ಸಭಾಂಗಣವಿಡೀ ಕುಣಿಯುತ್ತ ಥೂ, ಥೂ, ಥೂ.

ಅಮ್ಮ ನನ್ನ ಮೊಣಕೈ ಹಿಡಿದಳು. “ಇಷ್ಟು ಜನ ಸೇರಿ ನನ್ನ ಮಗಳಿಗೆ ಉಗೀತಿದಾರಲ್ಲೇ!”

“ಇಲ್ಲಮ್ಮ, ಇಷ್ಟವಾಗಿ ಹಾಗಂತಾರೆ.”

“ಇಷ್ಟವಾದ್ರೆ ಉಗೀತಾರೇನೇ?”

ತಡೆಯುವಷ್ಟರಲ್ಲಿ ಎದ್ದು, ಜನರ ಕಡೆ ತಿರುಗಿ ಕೈಮುಗಿದಳು. “ಬಿಟ್ಬಿಡ್ರಪ್ಪಾ, ಏನೋ ತಪ್ಪು ಮಾಡಿದಾಳೆ, ಬಿಟ್ಬಿಡಿ.”

ವೇದಿಕೆಯಿಂದ ತಂಗಿ ಅದನ್ನು ನೋಡಿದಳು. ಹಾಡು ಬಾಯಲ್ಲೇ ನಿಂತಿತು. ಮೈಕಿಗೆ “ಥೂ!” ಎಂದು ಉಗಿದು, ಇಳಿದು ಅಮ್ಮನ ಬಳಿ ಓಡಿ ಬಂದಳು. ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಪಕ್ಕದ ಮಹಾಶಯ ಕಣ್ಣೊರೆಸಿಕೊಂಡ. “ಇವತ್ತಿನ ಥೂ ಇದೆಯಲ್ಲ,” ಎಂದು ನನಗೇ ಹೇಳಿದ, “ಒಳಗಿಂದ ಬಂತು ನೋಡಿ.”