ಉಸಿರಿನ ಪಾಲು

ಮಾರ್ಚ್ ಹನ್ನೊಂದು, ಬುಧವಾರ. ಕೊಟ್ಟದ್ದು ನೂರು ಪಾಲು. ಮರಳಿ ಬಂದದ್ದು ನಲವತ್ತೊಂದು.

ಈರುಳ್ಳಿಯಲ್ಲಿರುವ ಫ್ಲೇವನಾಯ್ಡ್ ಎಂಬ ರಾಸಾಯನಿಕ ದೇಹದೊಳಗೆ ಏನಾಗುತ್ತದೆಂದು ತಿಳಿಯಲು, ಅದರ ಅಣುವಿಗೆ ವಿಕಿರಣ ಸೂಸುವ ಇಂಗಾಲವನ್ನು ಗುರುತಾಗಿ ಸೇರಿಸಿ, ನಮ್ಮ ಪ್ರಯೋಗಾಲಯದ ಚಾಲಕನಿಗೆ ಅವನ ಒಪ್ಪಿಗೆಯ ಮೇರೆಗೆ ಅತ್ಯಲ್ಪ ಪ್ರಮಾಣದಲ್ಲಿ ಕುಡಿಸಿದ್ದೆವು. ಮೂರು ದಿನ ಅವನ ಮಲಮೂತ್ರವನ್ನು ಸೀಸೆ, ಡಬ್ಬಿಗಳಲ್ಲಿ ಹಿಡಿದು ತಂದವಳು ಸಹಾಯಕಿ. ಎಲ್ಲರ ಬಾಯಲ್ಲಿ ಸೀಸೆ ಅಕ್ಕ. ಯಂತ್ರ ಎಣಿಸಿತು, ನಾನು ಕೂಡಿಸಿದೆ.

“ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!” ಎಂದು ಚಾಲಕ ಹೊಟ್ಟೆ ಸವರಿಕೊಂಡು ನಕ್ಕ. ನಾನು ನಗಲಿಲ್ಲ.

“ಎಲ್ಲಿ ಚೆಲ್ಲಿದೆಯಮ್ಮ?” ಎಂದು ಅವಳನ್ನು ಕೇಳಿದೆ.

“ಒಂದು ಹನೀನೂ ಚೆಲ್ಲಿಲ್ಲ ಸಾರ್. ಬೇಕಿದ್ರೆ ಇನ್ನೊಂದ್ಸಲ ಕೂಡಿಸಿ ನೋಡಿ.”

“ನನ್ನ ಲೆಕ್ಕ ತಪ್ಪೋದಿಲ್ಲ.”

ತಪ್ಪಿರಲೂ ಇಲ್ಲ. ಆದರೆ ಶೇಷವನ್ನು ಶೇಷವಾಗಿಯೇ ಬಿಡುವುದು ನನಗೆ ಬಾರದು. ಐವತ್ತೊಂಬತ್ತರ ಮುಂದೆ ‘ಸಂಗ್ರಹಿಸಿದವರ ಲೋಪ’ ಎಂದು ಬರೆದೆ. ವಿಕಿರಣದ ವಸ್ತುವನ್ನು ಚೆಲ್ಲಿ ಮುಚ್ಚಿಟ್ಟವಳೆಂದು ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು.

ಮರುವರ್ಷ ಹೊಸದಾಗಿ ಬಂದ ವೈದ್ಯೆ ಅದೇ ಚಾಲಕನಿಗೆ ಅಷ್ಟನ್ನೇ ಕೊಟ್ಟು, ಅವನು ಬಿಟ್ಟ ಉಸಿರನ್ನೂ ಚೀಲಗಳಲ್ಲಿ ಹಿಡಿದರು. ಕರುಳಿನ ಸೂಕ್ಷ್ಮಾಣುಗಳು ಅಣುವನ್ನು ಒಡೆದಿದ್ದವು. ಗುರುತಿನ ಇಂಗಾಲ ಗಾಳಿಯಾಗಿ ಹೊರಬಿದ್ದಿತ್ತು. ಸೀಸೆ, ಡಬ್ಬಿಗಳಲ್ಲಿ ನಲವತ್ತು ಪಾಲು, ಉಸಿರಿನಲ್ಲಿ ಐವತ್ತನಾಲ್ಕು. ಉಳಿದ ಆರರ ಮುಂದೆ ಅವರು ‘ತಿಳಿಯದು’ ಎಂದು ಬರೆದರು. ಆ ಪದ ನನಗೂ ಗೊತ್ತಿತ್ತು.

ಸೀಸೆ ಅಕ್ಕ ಆಗ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿದ್ದಳು. ನಾನು ಹೇಳಿ ಮುಗಿಸುವವರೆಗೂ ಹಾಸಿಗೆಯ ಹೊದಿಕೆಗಳನ್ನು ಮಡಚುತ್ತಲೇ ಇದ್ದಳು.

“ಅಂದ್ರೆ, ಅಷ್ಟು ಜನ ಓದಿದೋರು ಸೇರಿ, ಆ ಮನುಷ್ಯ ಉಸಿರಾಡ್ತಾನೆ ಅನ್ನೋದನ್ನೇ ಮರೆತಿದ್ರಾ?”

“ಹೌದು.”

“ನಮ್ಮತ್ತೆ ಇವತ್ತಿಗೂ ‘ಚೆಲ್ಲೀಯ ತಾಯಿ’ ಅನ್ನದೆ ನನ್ನ ಕೈಗೆ ಹಾಲಿನ ಪಾತ್ರೆ ಕೊಡಲ್ಲ. ಬರ್ದು ಕೊಡಿ ಸಾರ್.”

ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಬರೆದೆ. ಅವಳು ಬೆರಳಿಟ್ಟು ಓದಿದಳು.

“ಲೋಪ ‘ಪ್ರಾಯಶಃ’ ಅವರದಲ್ಲ ಅಂತಿದೆ. ಪ್ರಾಯಶಃ ಯಾಕೆ?”

“ಅಭ್ಯಾಸಬಲ.”

“ಅವತ್ತು ಈ ಅಭ್ಯಾಸ ಎಲ್ಲಿ ಹೋಗಿತ್ತು? ಹೊಡೆದು ಹಾಕಿ ಅದನ್ನ.”

ಹೊಡೆದು ಹಾಕಿದೆ. ಕೆಳಗೆ ‘ಲೋಪ ನನ್ನದು’ ಎಂದು ಸೇರಿಸಿ ಸಹಿ ಹಾಕಿದೆ.

ಇನ್ನೊಂದು ಪ್ರತಿಯನ್ನು ಪ್ರಯೋಗಾಲಯದ ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತು ಎಂದರು ಅವರು. ಅವಳ ಮೇಲಿನ ಆರೋಪ ಹೋಯಿತು. ಕೆಲಸ ಮರಳಿ ಸಿಗಲಿಲ್ಲ. ಅಷ್ಟು ಬಾಕಿ ನನ್ನ ಮೇಲೆ ಉಳಿದಿದೆ.